ನಾಪತ್ತೆ ಮೇಷ್ಟ್ರ ಖಾಲಿ ಹುದ್ದೆ

ಬಡಾವಣೆಯ ಕೊನೆಯ ಅಡ್ಡರಸ್ತೆಯಲ್ಲಿ ಒಂದು ಅಪರಾಧ ನಡೆದಿರಬಹುದೆಂಬ ಶಂಕೆಯು ಸಂಘದ ಸರ್ವಸದಸ್ಯರ ಒಪ್ಪಿಗೆಯ ಮೇರೆಗೆ ಜಾರಿಗೆ ಬಂದಿದ್ದು, ನಿವಾಸಿಗಳು ಇದಕ್ಕೆ ಸಂಪೂರ್ಣ ಸಹಕಾರ ನೀಡಬೇಕಾಗಿ ಕೋರಲಾಗಿದೆ. ಹೀಗೆಂದು ಬರೆದ ಪ್ರಕಟಣೆಯನ್ನು ಸಂಘದ ಕಚೇರಿಯ ಬಾಗಿಲಿಗೆ ಅಂಟಿಸಿದವರು ಸ್ವತಃ ಅಧ್ಯಕ್ಷರು. ಪೈಪು, ನಲ್ಲಿಗಳ ಅಂಗಡಿ ಇಟ್ಟವರಾದ್ದರಿಂದ ಯಾವುದನ್ನಾದರೂ ಸೋರದ ಹಾಗೆ ಅಂಟಿಸುವುದು ಅವರಿಗೆ ಗೊತ್ತಿತ್ತು. ಅಂಟಿಸಿದ ಮೇಲೆ ಸ್ವಲ್ಪ ಹಿಂದಕ್ಕೆ ಸರಿದು ಓದಿ, "ಚೆನ್ನಾಗಿ ಬಂದಿದೆ" ಎಂದು ತಮಗೆ ತಾವೇ ಹೇಳಿಕೊಂಡರು.

ಸತ್ತಿದ್ದಾರೆಂದು ಶಂಕಿಸಲಾದವರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸಾಯಿಸಿದ್ದಾರೆಂದು ಶಂಕಿಸಲಾದವರು ಅವರ ಹೆಂಡತಿ. ಶಂಕೆಗೆ ಸಹಕಾರ ಕೊಡಲು ಒಪ್ಪದೆ ಉಳಿದವರು ಇಡೀ ರಸ್ತೆಯಲ್ಲಿ ಒಬ್ಬರೇ, ಆ ಹೆಂಡತಿಯ ತಮ್ಮ. ಬಸ್ ಡಿಪೋದ ಕಳೆದುಹೋದ ಸಾಮಾನುಗಳ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ಗುಮಾಸ್ತರಾಗಿ ನಿವೃತ್ತರಾದವರು. ಬಡಾವಣೆಗೆಲ್ಲ ಅವರು ಬರೀ 'ಗುಮಾಸ್ತರು'. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯ ಮಹಡಿ ಕೋಣೆಗೆ ಬಂದು, ಊಟ ಅಕ್ಕನ ಜೊತೆ, ಜಗಳ ಭಾವನ ಜೊತೆ ಎಂದು ಜೀವನವನ್ನು ಅಚ್ಚುಕಟ್ಟಾಗಿ ಹಂಚಿಕೊಂಡಿದ್ದರು.

ಜಗಳ ಎಂದರೆ ಚದುರಂಗದ ಜಗಳ. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಹಾಸು ಬಿಚ್ಚುತ್ತಿದ್ದರು. ಭಾವ ಆಡಿದ ಕಾಯಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ. "ಕೈ ಬಿಟ್ಟಿಲ್ಲ ಕಣೋ, ಬೆರಳು ಇನ್ನೂ ಕಾಯಿ ಮೇಲಿತ್ತು" ಎಂದು ಕೋರ್ಟಿನಲ್ಲಿ ವಾದಿಸಿದ ಹಾಗೆ ವಾದಿಸುತ್ತಿದ್ದರು. ಈಗ ಭಾವ ಇಲ್ಲದೆ ಗುಮಾಸ್ತರು ಎರಡೂ ಕಡೆ ತಾವೇ ಆಡಿ ನೋಡಿದರು. ಯಾರೂ ಕಾಯಿ ಹಿಂದಕ್ಕೆ ತೆಗೆಯಲಿಲ್ಲ. ಆಟ ನ್ಯಾಯವಾಗಿ ನಡೆಯಿತು, ಮತ್ತು ಅವರಿಗೆ ಅಳು ಬಂತು.

ಘಟನೆಯ ವಿವರ ಹೀಗಿದೆ. ಸ್ನಾನದ ಮನೆಯ ಚಿಲಕ ಬಹಳ ದಿನದಿಂದ ಸಡಿಲವಾಗಿತ್ತು. ಅದನ್ನು ಸರಿ ಮಾಡುತ್ತೇನೆಂದು ಮೇಷ್ಟ್ರು ಬಹಳ ದಿನದಿಂದ ಹೇಳುತ್ತಿದ್ದರು. ಒಂದು ದಿನ ಹೆಂಡತಿ, "ನೀವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಎಂದರು. "ಹಾಗಾದ್ರೆ ಇಲ್ಲದೇ ಇದ್ದು ತೋರಿಸ್ತೀನಿ" ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಎದುರುಮನೆಯ ಹಲ್ಲಿನ ಡಾಕ್ಟರು ಈ ಸಂಭಾಷಣೆಯ ಮೊದಲ ಭಾಗವನ್ನು ಕಿಟಕಿಯಿಂದ ಕೇಳಿದರು. ಎರಡನೆಯ ಭಾಗ ಬರುವ ಹೊತ್ತಿಗೆ ಒಬ್ಬರ ದವಡೆಗೆ ಯಂತ್ರ ಹಾಕಿದ್ದರಿಂದ ಅದು ಅವರಿಗೆ ಕೇಳಿಸಲಿಲ್ಲ. ಮರುದಿನ ಮೇಷ್ಟ್ರು ಕಾಣಲಿಲ್ಲ. ಅದೇ ದಿನ ಅವರ ಹೆಂಡತಿ ಹಿತ್ತಿಲಲ್ಲಿ ನಿಂಬೆ ಸಸಿಗೆಂದು ಗುಂಡಿ ತೋಡುತ್ತಿದ್ದರು. ಡಾಕ್ಟರು ಒಂದು ಹಲ್ಲು ನೋಡಿ ಇಡೀ ಬಾಯಿಯ ಖರ್ಚು ಹೇಳಬಲ್ಲವರು. ಇಲ್ಲಿಯೂ ಹಾಗೆಯೇ ಹೇಳಿದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಬಡಾವಣೆಯಲ್ಲಿ ಬರವಿರಲಿಲ್ಲ. ಸಂಘವು ತುರ್ತುಸಭೆ ಸೇರಿ 'ಪತ್ತೇದಾರಿ ಉಪಸಮಿತಿ'ಯನ್ನು ರಚಿಸಿತು. ಸದಸ್ಯರಿಗೆಲ್ಲ ಒಂದೊಂದು ಸೀಟಿ ಕೊಡಲಾಯಿತು. ಮೊದಲ ದಿನ ಎಲ್ಲರೂ ಒಬ್ಬರನ್ನೊಬ್ಬರು ಕಂಡು ಸೀಟಿ ಊದಿದ್ದರಿಂದ, ಸದಸ್ಯರು ಸದಸ್ಯರ ಮೇಲೆ ಸೀಟಿ ಊದತಕ್ಕದ್ದಲ್ಲ ಎಂದು ತಿದ್ದುಪಡಿ ತರಲಾಯಿತು. ಆಮೇಲೆ ಸೀಟಿಗಳು ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ರಸ್ತೆಯಲ್ಲಿ ಸದಸ್ಯರಲ್ಲದವರು ಯಾರೂ ಇರಲಿಲ್ಲ.

ಗುಮಾಸ್ತರು ಉಪಸಮಿತಿಯ ಮುಂದೆ ಹೋಗಿ ಕೈಮುಗಿದು ಹೇಳಿದರು: "ನಮ್ಮಕ್ಕ ಜಿರಲೆ ಕಂಡ್ರೂ ಹೊಡೆಯೋಲ್ಲ, ಬೈದು ಓಡಿಸ್ತಾಳೆ. ಅನುಮಾನ ಇದ್ರೆ ಆ ಗುಂಡಿ ಅಗೆದು ನೋಡಿಬಿಡಿ, ಮುಗಿದುಹೋಗ್ಲಿ."

ಅಧ್ಯಕ್ಷರು ಗಾಬರಿಯಾದರು. "ಏನು ಮಾತೂಂತ ಆಡ್ತೀರಿ ಗುಮಾಸ್ತರೇ! ಅಗೆದು ನೋಡಿದ್ರೆ ಅಲ್ಲಿ ಏನೂ ಇಲ್ದೇ ಇರಬಹುದು. ಆಗ ಶಂಕೆ ಎಲ್ಲಿ ಉಳಿಯುತ್ತೆ?"

ಗುಂಡಿಯ ಸುತ್ತ ಬೇಲಿ ಹಾಕಿ, ಅಗೆಯತಕ್ಕದ್ದಲ್ಲ ಎಂದು ಬೋರ್ಡು ನೆಡಲಾಯಿತು.

ಶಂಕೆ ಉಳಿಯಬೇಕಾದದ್ದಕ್ಕೆ ಕಾರಣವಿತ್ತು. ಬಡಾವಣೆ ಹುಟ್ಟಿದಾಗಿನಿಂದ ದೀಪಕ್ಕಾಗಿ, ನೀರಿಗಾಗಿ, ರಸ್ತೆಗಾಗಿ ಸಂಘ ಅರ್ಜಿ ಕೊಡುತ್ತ ಬಂದಿತ್ತು. ನಗರಸಭೆ ಆ ಅರ್ಜಿಗಳನ್ನು ಸ್ವೀಕರಿಸುತ್ತ ಬಂದಿತ್ತು. ಇಬ್ಬರ ನಡುವೆ ಎಂದೂ ಮನಸ್ತಾಪ ಬಂದಿರಲಿಲ್ಲ, ಕೆಲಸವೂ ಆಗಿರಲಿಲ್ಲ. ಆದರೆ ಸಂಘದವರೆಲ್ಲ ಸಹಿ ಹಾಕಿದ ದೂರು ದಾಖಲಾದ ಕೂಡಲೇ ಬಂದ ತನಿಖಾಧಿಕಾರಿ ತಮ್ಮ ಚೀಲದಿಂದ 'ಶಂಕಿತ ಸ್ಥಳಗಳ ಯಥಾಸ್ಥಿತಿ ಪಾಲನಾ ನಿಯಮಗಳು' ಎಂಬ ಪುಸ್ತಕ ತೆಗೆದು ಓದಿದರು. ಶಂಕಿತ ಸ್ಥಳದಲ್ಲಿ ವಿದ್ಯುತ್ ಕಡಿತ ಮಾಡತಕ್ಕದ್ದಲ್ಲ, ಏಕೆಂದರೆ ಕತ್ತಲಲ್ಲಿ ಸಾಕ್ಷ್ಯ ಕಾಣುವುದಿಲ್ಲ. ನೀರು ನಿಲ್ಲಿಸತಕ್ಕದ್ದಲ್ಲ, ಏಕೆಂದರೆ ಜನ ನೀರಿಲ್ಲದೆ ಮನೆ ಬಿಟ್ಟರೆ ಸಾಕ್ಷಿಗಳು ಚದುರುತ್ತಾರೆ. ಕಸವನ್ನು ಪ್ರತಿದಿನ ಎತ್ತತಕ್ಕದ್ದು, ಏಕೆಂದರೆ ಅದರಲ್ಲಿ ಏನಾದರೂ ಇರಬಹುದು. ರಸ್ತೆಯ ವಿಷಯ ಪುಸ್ತಕದಲ್ಲಿ ಇರಲಿಲ್ಲ. ಆದರೆ ಅಧಿಕಾರಿಯ ಜೀಪು ಎರಡನೆಯ ಸಲ ಬಂದಾಗ ಹೊಂಡಕ್ಕೆ ಇಳಿದು, ಅವರ ಕೈಯಲ್ಲಿದ್ದ ಚಹಾ ಸಮವಸ್ತ್ರದ ಮೇಲೆ ಚೆಲ್ಲಿತು. ಮರುದಿನವೇ ಟಾರು ಬಂತು.

ಜನರ ಬದುಕು ಹಸನಾಯಿತು. ನಲ್ಲಿ ತಿರುಗಿಸಿದರೆ ನೀರು ಬರುವುದನ್ನು ಮಕ್ಕಳು ಬೆರಗಿನಿಂದ ನೋಡಿದರು. ಬಾಡಿಗೆ ಏರಿತು. 'ಶಂಕಿತ ಸ್ಥಳ, ಇಪ್ಪತ್ನಾಲ್ಕು ಗಂಟೆ ನೀರು' ಎಂದು ಮನೆ ಖಾಲಿ ಇರುವವರು ಬೋರ್ಡು ಹಾಕಿದರು. ಹಿಂದಿನ ಅಡ್ಡರಸ್ತೆಯವರಿಗೆ ಹೊಟ್ಟೆ ಉರಿಯಿತು. ಅವರ ನಿಯೋಗವೊಂದು ಬಂದು, ಮೃತದೇಹದ ಒಂದು ಭಾಗವನ್ನಾದರೂ ತಮ್ಮ ಚರಂಡಿಯವರೆಗೆ ವಿಸ್ತರಿಸಿ ಶಂಕಿಸಬಹುದೇ ಎಂದು ವಿನಂತಿಸಿತು. ಅಧ್ಯಕ್ಷರು, "ನಮಗೇ ಸಾಲದು" ಎಂದು ಕಳಿಸಿಕೊಟ್ಟರು.

ಅಕ್ಕನ ಗೌರವವೂ ಹೆಚ್ಚಿತು. ತರಕಾರಿ ಗಾಡಿಯ ಹತ್ತಿರ ಅವರು ಬಂದರೆ ಉಳಿದ ಹೆಂಗಸರು ದಾರಿ ಬಿಡುತ್ತಿದ್ದರು. ಅವರು ಕೈ ಇಟ್ಟ ಟೊಮೇಟೊಗೆ ಬೇರೆಯವರು ಕೈ ಹಾಕುತ್ತಿರಲಿಲ್ಲ. ಗಾಡಿಯವನು ಕೇಳದೆಯೇ ಹಿಡಿ ಕೊತ್ತಂಬರಿ ಜಾಸ್ತಿ ಹಾಕಿ, "ಯಜಮಾನ್ರು ಹೇಗಿದ್ದಾ..." ಎಂದು ರೂಢಿಯಂತೆ ಬಾಯಿ ತೆಗೆದು, ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದ.

ಎಲ್ಲ ಸುಗಮವಾಗಿಯೇ ಸಾಗುತ್ತಿತ್ತು. ಆದರೆ ಶಂಕೆಗೂ ಒಂದು ವಾಯಿದೆ ಇದೆಯೆಂದು ಯಾರಿಗೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಅಧಿಕಾರಿ ಜಗುಲಿಯಲ್ಲಿ ಕುಳಿತು ಗುಮಾಸ್ತರಿಗೆ ಮೆಲ್ಲಗೆ ಹೇಳಿದರು.

"ನೋಡಿ ಇವರೇ, ನಿಮ್ಮ ಅಕ್ಕನವರ ಮೇಲೆ ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ತುಂಬ ಒಳ್ಳೆ ಕಾಫಿ ಮಾಡ್ತಾರೆ. ಆದರೆ ಕಡತ ನಿಂತಲ್ಲೇ ನಿಂತಿದೆ. ತಿಂಗಳು ಮುಗಿಯೋದ್ರೊಳಗೆ ಪ್ರಗತಿ ತೋರಿಸ್ಬೇಕು, ಇಲ್ದಿದ್ರೆ ಶಂಕಿತರನ್ನ ಒಳಗೆ ಹಾಕ್ಬೇಕು. ಎರಡರಲ್ಲಿ ಒಂದು."

"ಏನೂ ಮಾಡದವಳನ್ನ ಒಳಗೆ ಹಾಕ್ತೀರಾ?"

"ಏನೂ ಮಾಡಿಲ್ಲ ಅನ್ನೋಕೂ ಪುರಾವೆ ಇಲ್ಲವಲ್ಲ."

ಅಡುಗೆಮನೆಯಲ್ಲಿ ಅಕ್ಕ ಬೀನ್ಸ್ ಹೆಚ್ಚುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹೋಗ್ತೀನಿ ಬಿಡೋ. ಅಲ್ಲಿ ಚಿಲಕವಾದ್ರೂ ಗಟ್ಟಿ ಇರುತ್ತೆ" ಎಂದರು. ನಗಲು ಹೇಳಿದ ಮಾತು. ಆದರೆ ಬೀನ್ಸಿನ ತುಂಡುಗಳು ಒಂದು ಉದ್ದ, ಒಂದು ಗಿಡ್ಡ ಆಗಿದ್ದವು. ಆಮೇಲೆ ಚಾಕು ಕೆಳಗಿಟ್ಟು, "ಎಲ್ಲಿ ಹೋದ್ರೋ ನಿಮ್ಮ ಭಾವ? ನಾನು ಅಂದದ್ದು ಒಂದೇ ಒಂದು ಮಾತು ಕಣೋ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಭಾವನನ್ನು ತಾವೇ ಹುಡುಕುವುದೆಂದು ಗುಮಾಸ್ತರು ಅವತ್ತೇ ನಿರ್ಧಾರ ಮಾಡಿದರು.

ಕಳೆದುಹೋದ ಸಾಮಾನುಗಳ ವಿಭಾಗದಲ್ಲಿ ಅವರು ಒಂದು ವಿದ್ಯೆ ಕಲಿತಿದ್ದರು. ಸಿಕ್ಕಿದ ವಸ್ತುವಿನ ವಿವರವನ್ನು ಹಲಗೆಯ ಮೇಲೆ ಬರೆಯುವಾಗ ಬೇಕೆಂದೇ ಒಂದು ತಪ್ಪು ಬರೆಯುವುದು. ಕರಿ ಹಿಡಿಯ ಕೊಡೆಗೆ ಬಿಳಿ ಹಿಡಿ ಎಂದು ಬರೆಯುವುದು. ಸುಮ್ಮನೆ ಹೊಡೆದುಕೊಂಡು ಹೋಗಲು ಬಂದವನು, "ಹೌದು ಸಾರ್, ಅದೇ, ಬಿಳಿ ಹಿಡಿ" ಎಂದು ಒಪ್ಪಿಕೊಳ್ಳುತ್ತಾನೆ. ನಿಜವಾದ ಒಡೆಯನಿಗೆ ಮೈ ಉರಿಯುತ್ತದೆ, "ಕರಿ ಹಿಡಿ ಕಣ್ರೀ, ಕಣ್ಣು ಕಾಣಲ್ವ ನಿಮಗೆ?" ಎಂದು ಜಗಳಕ್ಕೆ ನಿಲ್ಲುತ್ತಾನೆ. ಯಾರು ಜಗಳ ಆಡುತ್ತಾರೋ ಅವರಿಗೆ ಕೊಡೆ ಕೊಟ್ಟು ಕಳಿಸುವುದು.

ಉಪಸಮಿತಿ ಊರೆಲ್ಲ ಅಂಟಿಸಿದ್ದ 'ಕಾಣೆಯಾಗಿದ್ದಾರೆ' ಪೋಸ್ಟರಿನಲ್ಲಿ ಮೇಷ್ಟ್ರ ಫೋಟೋ ಇತ್ತು. ಚೆನ್ನಾಗಿಯೇ ಇತ್ತು. ಅದೇ ತಪ್ಪಾದದ್ದು ಎಂದು ಗುಮಾಸ್ತರಿಗೆ ಅನ್ನಿಸಿತು. ಭಾವನ ಚಿತ್ರವನ್ನು ಪೆನ್ಸಿಲಿನಲ್ಲಿ ತಾವೇ ಬರೆದರು. ಹುಟ್ಟಿದ ಮೇಲೆ ಬದನೆಕಾಯಿಯ ಚಿತ್ರವನ್ನೂ ಬರೆದವರಲ್ಲ, ಆದ್ದರಿಂದ ಬೇಕೆಂದೇ ತಪ್ಪು ಮಾಡುವ ಶ್ರಮ ಬೀಳಲಿಲ್ಲ. ಆದರೂ ಕಿವಿಯನ್ನು ಮಾತ್ರ ಮನಸ್ಸಿಟ್ಟು ಕೆಡಿಸಿದರು. ಅದನ್ನು ಕೆಳಗೆ, ಸುಮಾರು ಗಲ್ಲದ ಹತ್ತಿರ ಇಟ್ಟರು. ಬಡಾವಣೆಯ ಬೇರೆ ಬೇರೆ ಗೋಡೆಗಳಿಗೆ ಅಂಥ ಚಿತ್ರಗಳನ್ನು ಅಂಟಿಸಿ ಬಂದರು. ನೋಡಿದ ಅಧ್ಯಕ್ಷರು, "ಮೇಷ್ಟ್ರೇ ಎದುರಿಗೆ ನಿಂತ ಹಾಗಿದೆ" ಎಂದು ಮೆಚ್ಚಿಕೊಂಡರು.

ಮರುದಿನ ಒಂದೇ ಒಂದು ಚಿತ್ರದಲ್ಲಿ ಕಿವಿ ತನ್ನ ಜಾಗಕ್ಕೆ ಬಂದಿತ್ತು. ಹಳೆಯ ಕಿವಿಯನ್ನು ಗುರುತೂ ಉಳಿಯದ ಹಾಗೆ ಉಜ್ಜಿ, ಹುಬ್ಬಿಗೂ ಮೂಗಿನ ತುದಿಗೂ ಸರಿಯಾಗಿ ಹೊಸ ಕಿವಿ ಬರೆದಿತ್ತು, ಹಾಲೆಯ ನೆರಳು ಸಮೇತ. ಅದು ರಸ್ತೆಯ ತುದಿಯ ಬೀಗ ಹಾಕಿದ ಮನೆಯ ಕಾಂಪೌಂಡು. ಆ ಮನೆಯವರು ಪರಸ್ಥಳಕ್ಕೆ ಹೋಗುವಾಗ ಹೂಕುಂಡಗಳಿಗೆ ನೀರು ಹಾಕಲೆಂದು ಕೀಲಿಕೈಯನ್ನು ಮೇಷ್ಟ್ರಿಗೆ ಕೊಟ್ಟು ಹೋಗಿದ್ದರು. ನೀರು ಹಾಕುವವರು ಸತ್ತು ಇಷ್ಟು ದಿನವಾದರೂ ಹೂಕುಂಡಗಳು ನಳನಳಿಸುತ್ತಿದ್ದವು. ಪತ್ತೇದಾರಿ ಉಪಸಮಿತಿ ಪ್ರತಿದಿನ ಅದೇ ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದಕ್ಕೆ ಉಪಸಮಿತಿಯೇ ಬೇಕೆಂದಿಲ್ಲ, ಇದ್ದರೆ ಅನುಕೂಲ.

ಗುಮಾಸ್ತರು ಇನ್ನೊಂದು ಚಿತ್ರ ಬರೆದು, ಈ ಸಲ ಎರಡೂ ಕಿವಿಯನ್ನು ಒಂದೇ ಕಡೆ ಇಟ್ಟು, ಅದೇ ಜಾಗಕ್ಕೆ ಅಂಟಿಸಿ, ದಾಸವಾಳದ ಗಿಡದ ಹಿಂದೆ ಕುಳಿತರು. ಊಟವಾಗಿ ರಸ್ತೆಯೆಲ್ಲ ನಿದ್ದೆ ಮಾಡುವ ಹೊತ್ತಿಗೆ ಗೇಟು ಕಿರ್ರೆಂದಿತು. ಪಾಯಿಜಾಮದಲ್ಲಿ, ಕೈಯಲ್ಲಿ ರಬ್ಬರು ಹಿಡಿದು, ಭಾವ ಬಂದರು.

"ಅಯ್ಯಯ್ಯೋ, ಎರಡೂ ಒಂದೇ ಕಡೆ!" ಎಂದು ಚಿತ್ರದ ಮುಂದೆ ನಿಂತು ನರಳಿದರು. "ಯಾವ ಕತ್ತೆ ಬರೆದಿದ್ದೋ ಇದನ್ನ?"

"ನಾನೇ ಭಾವ" ಎಂದು ಗುಮಾಸ್ತರು ಗಿಡದ ಹಿಂದಿನಿಂದ ಎದ್ದರು.

ಭಾವ ಬೆಚ್ಚಿದರು. ಓಡಬೇಕೆಂದು ಅವರಿಗೆ ಹೊಳೆದ ಹಾಗಿತ್ತು, ಆದರೆ ಕಿವಿ ಅರ್ಧ ಉಜ್ಜಿಯಾಗಿತ್ತು, ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. "ಇಷ್ಟು ವರ್ಷ ನನ್ನ ಎದುರಿಗೆ ಕೂತು ಆಡಿದ್ದೀಯ. ನನ್ನ ಕಿವಿ ಎಲ್ಲಿದೆ ಅಂತ ನೋಡಿಲ್ವೇನೋ?"

"ನೀವು ಕಾಯಿ ಕದೀತೀರೇನೋ ಅಂತ ನಿಮ್ಮ ಕೈ ನೋಡ್ತಿದ್ದೆ. ಅಲ್ಲ ಭಾವ, ಅಕ್ಕನ್ನ ಜೈಲಿಗೆ ಹಾಕ್ತಾರಂತೆ, ನೀವಿಲ್ಲಿ ಹೂಗಿಡಕ್ಕೆ ನೀರು ಹಾಕ್ಕೊಂಡು ಆರಾಮಾಗಿದ್ದೀರಾ?"

ಭಾವನ ಮುಖ ಇಳಿಯಿತು. "ಜೈಲಾ? ನನಗೆ ಗೊತ್ತಿಲ್ಲ ಕಣೋ. ಒಂದು ಸಂಜೆ ಹೆದರಿಸಿ ವಾಪಸ್ ಬರೋಣ ಅಂತಿದ್ದೆ. ಅಷ್ಟರಲ್ಲಿ ಈ ಸಂಘದೋರು ಮೈಕ್ ಹಿಡ್ಕೊಂಡು ಬಂದ್ರು. 'ನಮ್ಮ ಮೇಷ್ಟ್ರು ಮಹಾ ಕಲಾವಿದರು, ಬಡಾವಣೆಯ ಕಣ್ಣು' ಅಂತ ಅಧ್ಯಕ್ಷರು ಇದೇ ಗೇಟಿನ ಮುಂದೆ ಹೇಳಿದ್ರು. ನಾನು ಬದುಕಿದ್ದಾಗ ಆ ಮನುಷ್ಯ ನನ್ನ ಹತ್ರ ಅಂಗಡಿ ಬೋರ್ಡು ಪುಕ್ಕಟೆ ಬರೆಸ್ಕೊಂಡಿದ್ದು ಬಿಟ್ರೆ ಒಂದು ಒಳ್ಳೆ ಮಾತಾಡಿರ್ಲಿಲ್ಲ. ಇನ್ನೂ ಏನೇನು ಹೇಳ್ತಾರೋ ಕೇಳೋಣ ಅಂತ ಒಂದು ದಿನ ಉಳಿದೆ. ಆಮೇಲೆ ಹೊರಗೆ ಬರೋಕೆ ನಾಚಿಕೆ ಆಯ್ತು." ಚಿತ್ರದ ಮೇಲಿನ ರಬ್ಬರಿನ ಪುಡಿ ಊದಿ, "ಬ್ರೆಡ್ಡು ತಿಂದು ತಿಂದು ಸಾಕಾಗಿದೆ. ನಡಿ" ಎಂದರು. ಆದರೆ ಎರಡನೆಯ ಕಿವಿ ಮುಗಿಸಿಯೇ ಹೊರಟರು.

ಗುಮಾಸ್ತರಿಗೆ ಭಾವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಭಾವನ ಕೊಳಕು ಅಂಗಿಯ ತೋಳು ಹಿಡಿದುಕೊಂಡು ರಸ್ತೆಯುದ್ದಕ್ಕೂ ನಡೆದರು, ಬಿಟ್ಟರೆ ಎಲ್ಲಿ ಮತ್ತೆ ಕಳೆದುಹೋಗುತ್ತಾರೋ ಎಂಬ ಹಾಗೆ. ನೇರವಾಗಿ ಮನೆಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಸಿಕ್ಕಿದ ಸಾಮಾನನ್ನು ಮೊದಲು ಕಚೇರಿಗೆ ತೋರಿಸುವುದು ಅವರ ಜೀವಮಾನದ ಅಭ್ಯಾಸ. ಸಂಘದ ಕಚೇರಿಯಲ್ಲಿ ಸಭೆಯೂ ನಡೆಯುತ್ತಿತ್ತು. ತನಿಖಾಧಿಕಾರಿಯೂ ಅಲ್ಲೇ ಇದ್ದರು.

"ಅಧ್ಯಕ್ಷರೇ, ಇಗೊಳ್ಳಿ, ನಮ್ಮ ಭಾವ."

"ನಮಸ್ಕಾರ ಮೇಷ್ಟ್ರೇ, ಚೆನ್ನಾಗಿದ್ದೀರಾ?" ಎಂದು ಅಧ್ಯಕ್ಷರು ಅಭ್ಯಾಸಬಲದಿಂದ ಎದ್ದು ಕೈಮುಗಿದರು. ತಕ್ಷಣ ಕುಳಿತು, "ಈ ನಮಸ್ಕಾರ ನಡಾವಳಿಗೆ ಸೇರತಕ್ಕದ್ದಲ್ಲ" ಎಂದು ಕಾರ್ಯದರ್ಶಿಗೆ ಹೇಳಿದರು. ಆಮೇಲೆ ಗುಮಾಸ್ತರ ಕಡೆ ನೋಡಿ, "ಈವತ್ತಿನ ವಿಷಯಸೂಚಿಯಲ್ಲಿ ಹುಡುಕೋದು ಮಾತ್ರ ಇದೆ. ಸಿಗೋದು ಇಲ್ಲ" ಎಂದರು.

ಅಧಿಕಾರಿ ನಿಯಮದ ಪುಸ್ತಕ ತೆರೆದರು. "ಸಿಕ್ಕಿದವರನ್ನ ಯಾರಾದ್ರೂ ಸಹಿ ಹಾಕಿ ಬಿಡಿಸ್ಕೋಬೇಕು. ಹೆಂಡತಿ ಹಾಕೋ ಹಾಗಿಲ್ಲ, ಅವರು ಶಂಕಿತರು. ನೀವು ಶಂಕಿತರ ತಮ್ಮ, ನೀವೂ ಹಾಕೋ ಹಾಗಿಲ್ಲ."

"ನಾನೇ ಹಾಕ್ತೀನಿ. ನನ್ನ ಸಹಿ ತುಂಬ ಚೆನ್ನಾಗಿದೆ" ಎಂದರು ಭಾವ.

"ಹಾಕಬಹುದು. ಆದರೆ ಮೊದಲು ನೀವು ನೀವೇ ಅಂತ ಯಾರಾದ್ರೂ ಹೇಳ್ಬೇಕಲ್ಲ." ಅಧಿಕಾರಿ ಸಭೆಯ ಕಡೆ ತಿರುಗಿದರು. "ಒಂದು ವಿಷಯ ತಿಳಿಸಿಬಿಡ್ತೀನಿ. ಇವರು ಮೇಷ್ಟ್ರೇ ಅಂತಾದ್ರೆ ಕಡತ ಮುಚ್ಚುತ್ತೆ. ರಸ್ತೆ ಮಾಮೂಲು ರಸ್ತೆ ಆಗುತ್ತೆ. ದೂರು ಸುಳ್ಳು ಅಂತ ಆಗಿ, ಸಹಿ ಹಾಕಿದೋರ ಮೇಲೆಲ್ಲ ಕೇಸು. ಪರಿಶೀಲಿಸಿದೆ ಅಂತ ನಾನೂ ಸಹಿ ಹಾಕಿದ್ದೀನಿ. ಈಗ ಹೇಳಿ, ಇವರು ಮೇಷ್ಟ್ರು ಅಂತ ಗುರುತಿಸೋರು ಕೈ ಎತ್ತಿ."

ಮೇಲೆ ಫ್ಯಾನು ತಿರುಗುತ್ತಿತ್ತು. ಹಿಂದೆಲ್ಲ ಈ ಹೊತ್ತಿಗೆ ಅದು ತಿರುಗುತ್ತಿರಲಿಲ್ಲ. ಎಲ್ಲರೂ ಒಮ್ಮೆ ತಲೆ ಎತ್ತಿ ಫ್ಯಾನನ್ನು ನೋಡಿದರು. ಯಾರೂ ಕೈ ಎತ್ತಲಿಲ್ಲ.

"ಡಾಕ್ಟರೇ," ಎಂದು ಗುಮಾಸ್ತರು ಗೋಗರೆದರು, "ನಮ್ಮ ಭಾವನ ಬಾಯಲ್ಲಿರೋ ಹಲ್ಲೆಲ್ಲ ನೀವೇ ಕಟ್ಟಿದ್ದು. ನೀವಾದ್ರೂ ಹೇಳಿ."

ಡಾಕ್ಟರು ಭಾವನ ಬಾಯಿ ತೆಗೆಸಿ, ಬಗ್ಗಿ, ಒಳಗೆಲ್ಲ ನೋಡಿದರು. "ಕೆಲಸ ಅಚ್ಚುಕಟ್ಟಾಗಿದೆ. ಯಾರು ಮಾಡಿದ್ದೋ ಗೊತ್ತಿಲ್ಲ" ಎಂದರು.

ಯಾರೂ ಕೇಳಿ ಬರದ ಕೊಡೆಗಳನ್ನು ಗುಮಾಸ್ತರು ರಾಶಿ ರಾಶಿ ಕಂಡಿದ್ದರು. ಒಡೆಯರೆಲ್ಲ ಎದುರಿಗೆ ಕೂತು, ನಮ್ಮದಲ್ಲ ಎಂದು ತಲೆ ತಿರುಗಿಸಿದ್ದನ್ನು ಕಂಡಿರಲಿಲ್ಲ. "ಹಾಗಾದ್ರೆ ನಮ್ಮಕ್ಕ ಜೈಲಿಗೆ ಹೋಗ್ಬೇಕಾ? ಯಾರನ್ನ ಕೊಂದಳು ಅಂತ? ಇವರನ್ನಾ?" ಎಂದು ಕೂಗಿಬಿಟ್ಟರು. ಅವರು ಸಭೆಯಲ್ಲಿ ದನಿ ಎತ್ತಿದ್ದು ಅದೇ ಮೊದಲು. ಎಲ್ಲರೂ ನೆಲ ನೋಡಿದರು. ಜನ ಕೆಟ್ಟವರೇನಲ್ಲ, ನೀರು ಬರುತ್ತಿತ್ತು ಅಷ್ಟೆ.

ಅಧಿಕಾರಿಗೂ ಅಕ್ಕನ ಕಾಫಿ ನೆನಪಾಗಿರಬೇಕು. ಪುಸ್ತಕದ ಹಾಳೆ ಮಗುಚಿ ಮಗುಚಿ, ಕೊನೆಗೆ ಒಂದು ಕಡೆ ಬೆರಳಿಟ್ಟರು. "ದಾರಿ ಇದೆ. ಘಟನೆಯ ಮರುಸೃಷ್ಟಿ. ಕಾಣೆಯಾದವರ ಪಾತ್ರ ಮಾಡೋಕೆ ಒಬ್ಬರನ್ನ ನೇಮಿಸ್ಕೋಬಹುದು. ಅವರು ಆ ಮನೇಲೇ ಇದ್ದು, ಕಾಣೆಯಾದವರು ಎದ್ದಂತೆ ಎದ್ದು, ಉಂಡಂತೆ ಉಂಡು, ಮಲಗಿದಂತೆ ಮಲಗ್ಬೇಕು. ಯಾವತ್ತಾದ್ರೂ ಸುಳಿವು ಸಿಗಬಹುದು. ಅಲ್ಲೀವರೆಗೂ ಪ್ರಗತಿಯಲ್ಲಿದೆ ಅಂತ ಬರೀಬಹುದು. ಶಂಕಿತರನ್ನ ಬಂಧಿಸೋ ಹಾಗಿಲ್ಲ, ಅವರಿಲ್ದೆ ಮರುಸೃಷ್ಟಿ ಆಗಲ್ಲ. ಪಾತ್ರಧಾರಿಗೆ ಗೌರವಧನವೂ ಇದೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಭಾವಮೈದುನರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಗೌರವಧನ ಎಂಬ ಮಾತು ಕಿವಿಗೆ ಬಿದ್ದ ಅಧ್ಯಕ್ಷರು ಮಾತ್ರ ನಗಲಿಲ್ಲ. "ಹಾಗೆಲ್ಲ ನೇರವಾಗಿ ಕೊಡೋಕಾಗಲ್ಲ. ಪಾರದರ್ಶಕವಾಗಿರ್ಬೇಕು. ಸಂದರ್ಶನ ಕರೆಯೋಣ" ಎಂದರು.

ಕಚೇರಿಯ ಬಾಗಿಲಿಗೆ ಹೊಸ ಪ್ರಕಟಣೆ ಬಂತು. ಹುದ್ದೆ: ನಾಪತ್ತೆಯಾದವರ ಪಾತ್ರಧಾರಿ, ಹಂಗಾಮಿ. ಅರ್ಹತೆ: ನಾಪತ್ತೆಯಾದವರನ್ನು ಸಾಧಾರಣವಾಗಿ ಹೋಲಬೇಕು. ಪೂರ್ವಾನುಭವ ಉಳ್ಳವರಿಗೆ ಆದ್ಯತೆ ಇರುವುದಿಲ್ಲ.

ಅರ್ಜಿ ಹಾಕಿದವರು ಇಬ್ಬರು. ಒಬ್ಬರು ಭಾವ. ಇನ್ನೊಬ್ಬರು ಅಧ್ಯಕ್ಷರ ಷಡ್ಡಕ. ಭಾವ ಉದ್ದಕ್ಕೆ, ಸಣಕಲು, ಮೀಸೆ ಇಲ್ಲದವರು. ಷಡ್ಡಕ ಗಿಡ್ಡಕ್ಕೆ, ಗುಂಡಗೆ, ಮೀಸೆಗೆ ಎಣ್ಣೆ ಹಚ್ಚುವವರು. ಇಬ್ಬರಿಗೂ 'ಮೇಷ್ಟ್ರ ಹಾಗೆ ನಡೆದು ತೋರಿಸಿ' ಎನ್ನಲಾಯಿತು. ಷಡ್ಡಕ ಎದೆಯುಬ್ಬಿಸಿ ನಡೆದರು. ಎಲ್ಲರೂ ನೋಡುತ್ತಿದ್ದಾರೆಂದು ಭಾವನಿಗೆ ತಾವು ಹೇಗೆ ನಡೆಯುತ್ತಿದ್ದೆವೆಂಬುದೇ ಮರೆತುಹೋಗಿ, ಎಡಗಾಲು ಎಡಗೈ ಒಟ್ಟಿಗೆ ಹೋದವು. ಕಿವಿಯ ಚಿತ್ರ ಬರೆಯಿರಿ ಎಂದಾಗ ಷಡ್ಡಕ ಒಂದು ಸೊನ್ನೆ ಸುತ್ತಿ ಕೊಟ್ಟರು. ಭಾವ, "ಯಾರ ಕಿವಿ? ಗಂಡಸರದಾ, ಹೆಂಗಸರದಾ? ಬೆಳಕು ಯಾವ ಕಡೆಯಿಂದ?" ಎಂದು ಕೇಳುತ್ತಿರುವಾಗಲೇ ಸಮಯ ಮುಗಿಯಿತು.

ಫಲಿತಾಂಶ ಅದೇ ಸಂಜೆ ಹೊರಬಿತ್ತು. ಷಡ್ಡಕ ಪ್ರಥಮ. ಭಾವ ದ್ವಿತೀಯ. ಷರಾ: 'ಎರಡನೆಯ ಅಭ್ಯರ್ಥಿಯು ನಾಪತ್ತೆಯಾದವರನ್ನು ಅಗತ್ಯಕ್ಕಿಂತ ಹೆಚ್ಚು ಹೋಲುತ್ತಿದ್ದು, ಇದು ಅನುಮಾನಕ್ಕೆ ಎಡೆ ಮಾಡಿಕೊಡುತ್ತದೆ.'

ಭಾವ ಮತ್ತೆ ಬೀಗ ಹಾಕಿದ ಮನೆಗೆ, ಬ್ರೆಡ್ಡಿಗೆ ಮರಳಿದರು. ಷಡ್ಡಕ ಪೆಟ್ಟಿಗೆ ಸಮೇತ ಮೇಷ್ಟ್ರಾಗಿ ಬಂದು ಜಗುಲಿಯ ಕುರ್ಚಿಯಲ್ಲಿ ಕುಳಿತರು. ನೇಮಕವಾಗುವ ತನಕ ಅಕ್ಕನಿಗೆ ಆಸೆ ಹುಟ್ಟಿಸಬಾರದೆಂದು ಬಾಯಿ ಬಿಡದಿದ್ದ ಗುಮಾಸ್ತರು ಈಗ ಅಡುಗೆಮನೆಗೆ ಹೋಗಿ ಅಕ್ಕನ ಕಿವಿಯಲ್ಲಿ ಎಲ್ಲ ಹೇಳಿದರು. ಭಾವ ಬದುಕಿದ್ದಾರೆಂದು ಕೇಳಿ ಅಕ್ಕ ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕುಳಿತು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಎದ್ದು ಮುಖ ತೊಳೆದುಕೊಂಡು, "ಹಾಗಾದ್ರೆ ಜಗುಲೀಲಿ ಕೂತಿರೋ ಆ ಮೀಸೆಯೋರು ನನ್ನ ಗಂಡ. ಅಲ್ವೇನೋ?" ಎಂದರು.

"ಕಾಗದದ ಪ್ರಕಾರ ಹೌದಕ್ಕ."

"ಸರಿ ಬಿಡು."

ಅಕ್ಕ ನಿಯಮಗಳಿಗೆ ಅಕ್ಷರಶಃ ಬದ್ಧರಾಗಿ ಷಡ್ಡಕರನ್ನು ತಮ್ಮ ಗಂಡನಂತೆಯೇ ನಡೆಸಿಕೊಂಡರು. ಬೆಳಗಾಗುವ ಮೊದಲೇ, "ಇನ್ನೂ ಬಿದ್ಕೊಂಡಿದ್ದೀರಾ?" ಎಂದು ಎಬ್ಬಿಸಿದರು. ಉಂಡ ತಟ್ಟೆ ಅಲ್ಲೇ ಬಿಟ್ಟಿದ್ದಕ್ಕೆ ಬೈದರು. ಹೊಸಲಿನ ಮೇಲೆ ಒದ್ದೆ ಕಾಲಿಟ್ಟಿದ್ದಕ್ಕೆ, ಪೇಪರನ್ನು ಮಡಿಸದೆ ಇಟ್ಟಿದ್ದಕ್ಕೆ, ಬೈದಾಗ ಸುಮ್ಮನಿದ್ದದ್ದಕ್ಕೆ, ಮತ್ತು ಎದುರು ಮಾತಾಡಿದ್ದಕ್ಕೆ ಬೈದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಕೇಳಿದ್ದ ಷಡ್ಡಕ, ಇಲ್ಲಿ ಅದು ಉಣ್ಣುವಾಗಲೂ ಮುಂದುವರಿಯುವುದನ್ನು ಕಂಡು ಹೌಹಾರಿದರು. ವಾರ ತುಂಬುವ ಮೊದಲೇ ಮಹಡಿ ಹತ್ತಿ ಬಂದು ಗುಮಾಸ್ತರ ಕೈ ಹಿಡಿದರು.

"ಸ್ವಾಮಿ, ಈ ಮೇಷ್ಟ್ರು ಇಷ್ಟು ವರ್ಷ ಹೇಗೆ ಬದುಕಿದ್ರು? ನನ್ನ ಕೈಲಿ ಆಗಲ್ಲ. ಆದರೆ ಹುದ್ದೆ ಬಿಟ್ರೆ ನಮ್ಮ ಅಧ್ಯಕ್ಷರು ಸುಮ್ಮನಿರಲ್ಲ. ಆ ಎರಡನೇ ನಂಬರ್ ಬಂದೋರು ಇದ್ದಾರಲ್ಲ, ಅವರನ್ನ ನನ್ನ ಬದಲಿಗೆ ಬರೋಕೆ ಹೇಳ್ತೀರಾ? ಗೌರವಧನ ಅರ್ಧ ಅರ್ಧ. ತಿಂಗಳ ಕೊನೇಲಿ ಸಹಿ ನಾನು ಹಾಕ್ತೀನಿ, ಮಿಕ್ಕಿದ್ದೆಲ್ಲ ಅವರು ಮಾಡ್ಲಿ."

ಕಚೇರಿಗಳಲ್ಲಿ ಇಂಥ ಬದಲಿ ವ್ಯವಸ್ಥೆ ಹೊಸದಲ್ಲವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಹೀಗೆ ಮೇಷ್ಟ್ರು, ಮೇಷ್ಟ್ರ ಪಾತ್ರಧಾರಿಯ ಬದಲಿಯಾಗಿ ಅರ್ಧ ಗೌರವಧನದ ಮೇಲೆ ಸ್ವಗೃಹ ಪ್ರವೇಶ ಮಾಡಿದರು. ಬಾಗಿಲಲ್ಲಿ ಗಂಡ ಹೆಂಡತಿ ಎದುರುಬದುರಾದಾಗ ಗುಮಾಸ್ತರು ಬೇರೆ ಕಡೆ ನೋಡಿದರು. "ತುಂಬ ಇಳಿದುಹೋಗಿದ್ದೀರಿ" ಎಂಬ ಅಕ್ಕನ ದನಿ ಮಾತ್ರ ಕೇಳಿಸಿತು. ಮಧ್ಯಾಹ್ನ ಜಗುಲಿಯಲ್ಲಿ ಚದುರಂಗದ ಹಾಸು ಬಿಚ್ಚಿಕೊಂಡಿತು. ಭಾವ ಮೊದಲ ಆಟದಲ್ಲೇ ಕುದುರೆಯನ್ನು ಹಿಂದಕ್ಕೆ ತೆಗೆದುಕೊಂಡರು. ಗುಮಾಸ್ತರು ಅದನ್ನು ನೋಡಿಯೂ ತಮ್ಮ ಕಾಯಿ ನಡೆಸಿದರು.

ಉಳಿದದ್ದು ಒಂದೇ. ಬದಲಿಯವರ ಹೋಲಿಕೆಯನ್ನು ಅಧಿಕಾರಿ ಸ್ಥಳಕ್ಕೆ ಬಂದು ತಪಾಸಣೆ ಮಾಡಬೇಕಾಗಿತ್ತು. ಅಂದು ಇಡೀ ರಸ್ತೆ ಜಗುಲಿಯ ಮುಂದೆ ಸೇರಿತು. ನೆರೆಯವರು ಪ್ರಾಮಾಣಿಕವಾಗಿ ಅಭಿಪ್ರಾಯ ಕೊಟ್ಟರು. ಡಾಕ್ಟರು, "ಮೇಷ್ಟ್ರ ನಗು ಇನ್ನೂ ಸ್ವಲ್ಪ ಅಗಲ ಇತ್ತು" ಎಂದರು. ಅಧ್ಯಕ್ಷರು, "ನಮ್ಮ ಮೇಷ್ಟ್ರ ಮುಖದಲ್ಲಿ ಒಂದು ಕಳೆ ಇತ್ತು ನೋಡಿ, ಅದು ಇವರಿಗೆ ಬರಲ್ಲ. ಅಂಥ ಕಲಾವಿದ ಮತ್ತೆ ಹುಟ್ಟಲ್ಲ" ಎಂದು ಕಣ್ಣು ಒರೆಸಿಕೊಂಡರು. ಭಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕೈ ಕಟ್ಟಿ, ಪರೀಕ್ಷೆಗೆ ಕೂತ ಹುಡುಗನಂತೆ ನಿಂತಿದ್ದರು.

ಅಧಿಕಾರಿ ಅಕ್ಕನ ಕಡೆ ತಿರುಗಿದರು. "ತಾಯಿ, ದಾಖಲೆಗಾಗಿ ಕೇಳ್ತಿದ್ದೀನಿ, ಯೋಚನೆ ಮಾಡಿ ಹೇಳಿ. ಇವರು ನಿಮ್ಮ ಯಜಮಾನರ ಹಾಗೇ ಇದ್ದಾರಾ?"

ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹೌದು, ಅವರೇ ಎಂದರೆ ಮೇಷ್ಟ್ರು ಸಿಕ್ಕಿಬಿಡುತ್ತಾರೆ, ರಸ್ತೆಯವರು ಯಾರೂ ಗುರುತಿಸದೆ ಎಲ್ಲ ಮೊದಲಿನಿಂದ ಶುರು, ಅಕ್ಕನ ಜೈಲೂ ಸೇರಿ. ಇಲ್ಲವೇ ಇಲ್ಲ ಎಂದರೆ ಭಾವ ಮತ್ತೆ ಬ್ರೆಡ್ಡಿಗೆ, ಜಗುಲಿಗೆ ಇನ್ನೊಬ್ಬ ಷಡ್ಡಕ. ರಸ್ತೆಗೆ ರಸ್ತೆಯೇ ಅಕ್ಕನ ಕಡೆ ತಿರುಗಿತು.

ಅಕ್ಕ ಅವಸರ ಮಾಡಲಿಲ್ಲ. ತರಕಾರಿ ಗಾಡಿಯ ಮುಂದೆ ನಿಂತ ಹಾಗೆ ನಿಂತು, ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹಿಂದಿನಿಂದಲೂ ಒಮ್ಮೆ ನೋಡಿದರು.

"ಪೂರ್ತಿ ಇಲ್ಲ ಸ್ವಾಮಿ. ನಮ್ಮೋರೂ ಯಾವತ್ತೂ ಪೂರ್ತಿ ಹಾಗಿರ್ಲಿಲ್ಲ. ಇರ್ಲಿ ಬಿಡಿ, ಹೊಂದ್ಕೊಂಡು ಹೋಗ್ತೀನಿ."

ಅಧಿಕಾರಿ 'ತೃಪ್ತಿಕರ' ಎಂದು ಬರೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಕಾಫಿ ತರಲು ಒಳಗೆ ಹೋದರು. ಭಾವ ಭಾವಮೈದುನನ ಪಕ್ಕಕ್ಕೆ ಸರಿದು, ಪಿಸುಗುಟ್ಟಿದರು: "ನಿಮ್ಮಕ್ಕ ನನ್ನನ್ನ ಪಾಸ್ ಮಾಡಿದ್ದು ಇದೇ ಮೊದಲು ಕಣೋ."